ಕೈ ತೊಳೆದುಕೊಂಡವರು

ಸೋಂಕು ನಿಯಂತ್ರಣ ಕೊಠಡಿ, ಎರಡನೇ ಮಹಡಿ
ತಾರೀಖು ಹದಿನಾಲ್ಕು, ಮಂಗಳವಾರ, ಮಧ್ಯಾಹ್ನ

ಅಕ್ಕಾ,

‘ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ’ ಎಂದು ಶುರು ಮಾಡಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ನಾನು ಕ್ಷೇಮವಾಗಿಲ್ಲ, ನೀನೂ ಇರಲಾರೆ. ನಮ್ಮಿಬ್ಬರ ನಡುವೆ ಆ ಒಂದು ಸುಳ್ಳಾದರೂ ಬೇಡ. ಹೋದ ವರ್ಷದಿಂದ ನಿನಗೆ ಬರೆಯುತ್ತಿರುವ ಮೂರನೇ ಪತ್ರ ಇದು. ಮೊದಲನೆಯದಕ್ಕೆ ನೀನು ಉತ್ತರ ಕೊಡಲಿಲ್ಲ. ಎರಡನೆಯದನ್ನು ಒಡೆಯದೆ ವಾಪಸು ಕಳಿಸಿದೆ, ಅದೂ ಲಕೋಟೆಯ ಬಾಯಿಗೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿ, ಒಡೆದು ಓದಿದ್ದಾಳೆ ಎಂದು ನಾನೆಲ್ಲಿ ಅಂದುಕೊಳ್ಳುತ್ತೇನೋ ಎಂದು. ಆಸ್ಪತ್ರೆಯ ಬುದ್ಧಿ ನಿನ್ನನ್ನು ಬಿಟ್ಟಿಲ್ಲ ಎಂದು ಮೊದಲು ನಗು ಬಂತು. ಆಮೇಲೆ ಆ ಪ್ಲಾಸ್ಟರನ್ನು ಕೀಳಲು ಮನಸ್ಸಾಗಲಿಲ್ಲ.

ಇದನ್ನು ಮಾತ್ರ ಒಡೆ. ಇದು ಕ್ಷಮೆ ಕೇಳುವ ಪತ್ರ ಅಲ್ಲ. ಬರುವ ಸೋಮವಾರ ನರ್ಸಿಂಗ್ ಕೌನ್ಸಿಲ್‌ನವರು ನಿನ್ನ ಹೆಸರನ್ನು ಪಟ್ಟಿಯಲ್ಲಿ ಇಡಬೇಕೋ ಹೊಡೆದು ಹಾಕಬೇಕೋ ಎಂದು ತೀರ್ಮಾನ ಮಾಡುತ್ತಾರಲ್ಲ, ಅದರ ವಿಷಯ. ಇಪ್ಪತ್ತೆರಡು ವರ್ಷ ಐಸಿಯು ನಡೆಸಿದವಳು ಈಗ ಯಾರದೋ ಮನೆಯಲ್ಲಿ ಮುದುಕರೊಬ್ಬರಿಗೆ ಊಟ ಮಾಡಿಸಿ, ಸ್ನಾನ ಮಾಡಿಸಿ, ದಿನ ತಳ್ಳುತ್ತಿದ್ದೀಯಂತೆ. ಆಪರೇಷನ್ ಥಿಯೇಟರಿನ ಸಿಸ್ಟರ್ ನಿನ್ನನ್ನು ಮಾರ್ಕೆಟಿನಲ್ಲಿ ನೋಡಿದರಂತೆ. ‘ಚೆನ್ನಾಗೇ ಮಾತಾಡ್ಸಿದ್ರು. ಸ್ವಲ್ಪ ಇಳಿದುಹೋಗಿದಾರೆ ಅಷ್ಟೆ’ ಎಂದರು. ಅವರು ಸ್ವಲ್ಪ ಎಂದರೆ ಎಷ್ಟು ಎಂದು ನನಗೆ ಗೊತ್ತು.

ಹುಟ್ಟಿದಾಗಿನಿಂದ ನಾನು ನಿನ್ನ ಬಾಲ. ಹೆಸರಿಟ್ಟವಳು ನೀನೇ. ‘ಬಂತು ನೋಡು ನನ್ ಬಾಲ’ ಎಂದು ಗೆಳತಿಯರ ಮುಂದೆ ಗೊಣಗುತ್ತಿದ್ದೆ, ರಸ್ತೆ ದಾಟುವಾಗ ಮಾತ್ರ ತಿರುಗಿ ನೋಡದೆಯೇ ಕೈ ಹಿಂದಕ್ಕೆ ಚಾಚುತ್ತಿದ್ದೆ. ನೀನು ನರ್ಸಿಂಗ್ ಓದಿದೆ ಎಂದು ನಾನೂ ಓದಿದೆ. ನೀನು ಈ ಆಸ್ಪತ್ರೆ ಸೇರಿದೆ ಎಂದು ನಾನೂ ಇಲ್ಲಿಗೇ ಅರ್ಜಿ ಹಾಕಿದೆ. ಹೊಸದಾಗಿ ಬಂದ ನರ್ಸುಗಳು ಬೆನ್ನ ಹಿಂದೆ ನನ್ನನ್ನು ‘ಬಾಲ ಸಿಸ್ಟರ್’ ಎನ್ನತೊಡಗಿದಾಗ ನನಗೆ ಮೂವತ್ತೆಂಟು ತುಂಬಿತ್ತು. ಅದಕ್ಕೇ ಸೋಂಕು ನಿಯಂತ್ರಣದ ಹುದ್ದೆ ಖಾಲಿ ಬಿದ್ದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ನೀನು ನನಗಿಂತ ಮೊದಲು ಮಾಡಿರದ ಕೆಲಸ ಅದೊಂದೇ. ಅಲ್ಲಿ ನಾನು ನೋಡುವವಳು, ನೀನು ನೋಡಿಸಿಕೊಳ್ಳುವವಳು.

ಅಮ್ಮ ನಮ್ಮಿಬ್ಬರಿಗೂ ಬೈಯುತ್ತಿದ್ದದ್ದು ಒಂದೊಂದೇ ವಿಷಯಕ್ಕೆ, ನೆನಪಿದೆಯಾ? ನಿನಗೆ, ಹೊಸ ಸೋಪು ವಾರದೊಳಗೆ ಸವೆಸುತ್ತೀಯ ಎಂದು. ನನಗೆ, ಲೋಟದ ತಳದಲ್ಲಿ ಕೊನೆಯ ಗುಟುಕು ಬಿಡುತ್ತೀಯ ಎಂದು. ಮಿಕ್ಕಿದ್ದಕ್ಕೆಲ್ಲ ನಿನ್ನದೇ ಮೇಲುಗೈ. ನೀನು ತರಬೇತಿ ಮುಗಿಸಿದ ದಿನ ಅಮ್ಮ ತನ್ನ ಬೆರಳಿನ ಉಂಗುರ ಬಿಚ್ಚಿ ನಿನ್ನ ಬೆರಳಿಗೆ ಹಾಕಿದಳು. ಎರಡು ವರ್ಷದ ಮೇಲೆ ನಾನು ಮುಗಿಸಿದಾಗ ಅವಳ ಬೆರಳಲ್ಲಿ ಬಿಚ್ಚಿ ಕೊಡಲು ಏನೂ ಉಳಿದಿರಲಿಲ್ಲ. ತಲೆ ಸವರಿ, ‘ನಿಂಗೆ ನಿಮ್ಮಕ್ಕ ಇದಾಳಲ್ಲ’ ಎಂದಳು. ಇದನ್ನು ನಾನು ಯಾರಿಗೂ ಹೇಳಿಕೊಂಡಿಲ್ಲ, ಆದರೆ ಮುಂದೆ ಬರೆಯುವುದಕ್ಕೆ ಇದು ಬೇಕು.

ನನ್ನ ಕೆಲಸ ನಿನಗೆ ಗೊತ್ತಿದ್ದದ್ದೇ. ಐಸಿಯುನಲ್ಲಿ ಕೈ ತೊಳೆಯುವ ಬೇಸಿನ್ನಿನ ಪಕ್ಕ, ಕಿಟಕಿಗೆ ಬೆನ್ನು ಹಾಕಿ ನನ್ನ ಕುರ್ಚಿ. ತೊಡೆಯ ಮೇಲೆ ಹಾಳೆ, ಕೈಯಲ್ಲಿ ಪೆನ್ನು, ಕಿಟಕಿಯ ಕಟ್ಟೆಯ ಮೇಲೆ ಲೋಟ. ಹಾಳೆಯಲ್ಲಿ ಡಾಕ್ಟರಿಗೊಂದು ಕಾಲಂ, ನರ್ಸಿಗೊಂದು, ಆಯಾಗಳಿಗೊಂದು, ನೋಡಲು ಬಂದವರಿಗೊಂದು. ಯಾರು ಯಾವ ಹಾಸಿಗೆಗೆ ಹೋದರು, ಮುಟ್ಟುವ ಮೊದಲು ತೊಳೆದರೋ, ಮುಟ್ಟಿದ ಮೇಲೆ ತೊಳೆದರೋ, ಇಲ್ಲ ಪ್ಯಾಂಟಿಗೆ ಒರೆಸಿಕೊಂಡು ಹೋದರೋ, ಎಲ್ಲ ಗುರುತು ಹಾಕಬೇಕು. ‘ಕೈ ಪೊಲೀಸು ಬಂದ್ಲು’ ಎಂದು ಎಲ್ಲರೂ ನಗುತ್ತಿದ್ದರು. ಬೇಸಿನ್ನಿನ ಮೇಲಿನ ಚೀಟಿ ಬರೆದು ಅಂಟಿಸಿದವಳೂ ನಾನೇ: ‘ಕೈ ತೊಳೆಯಲು ಮಾತ್ರ. ಬೇರೇನನ್ನೂ ಸುರಿಯಬಾರದು.’ ಡ್ರಿಪ್ಪಿನ ಮಿಕ್ಕ ನೀರಾಗಲಿ, ರೋಗಿಯ ಹಾಲಾಗಲಿ, ಏನಿದ್ದರೂ ಹೊರಗಿನ ಮೋರಿಕೋಣೆಗೆ ಒಯ್ಯಬೇಕು. ಹತ್ತು ಹೆಜ್ಜೆ ಅಷ್ಟೆ.

ಆಮೇಲೆ ಮೊಂಡ ಬಂದ. ಆ ಬ್ಯಾಕ್ಟೀರಿಯಾದ ಉದ್ದನೆಯ ಹೆಸರು ಯಾರ ಬಾಯಲ್ಲೂ ತಿರುಗುತ್ತಿರಲಿಲ್ಲವಲ್ಲ, ಲ್ಯಾಬಿನ ಕನ್ನಡಕದವರು ಇಟ್ಟ ಹೆಸರೇ ನಿಂತಿತು. ಆರನೇ ಹಾಸಿಗೆಯ ಬಸ್ ಡ್ರೈವರಿನ ಕಫ ಪರೀಕ್ಷೆಗೆ ಹೋಗಿತ್ತು. ಹದಿನೆಂಟು ಆಂಟಿಬಯಾಟಿಕ್‌ಗಳ ಪಟ್ಟಿ ಹಿಡಿದುಕೊಂಡು ಅವರೇ ಮೆಟ್ಟಿಲು ಹತ್ತಿ ಬಂದರು. ‘ಯಾವುದಕ್ಕೂ ಜಗ್ತಿಲ್ಲ ಸಿಸ್ಟರ್ ಇದು. ಇಂಥ ಮೊಂಡನ್ನ ನಾನು ನೋಡೇ ಇಲ್ಲ’ ಎಂದರು. ಡ್ರೈವರ್ ತೀರಿಹೋದ. ಮೂರು ವಾರಕ್ಕೆ ಐದನೇ ಹಾಸಿಗೆಯಲ್ಲಿ ಕಾಣಿಸಿತು, ಆಮೇಲೆ ಏಳರಲ್ಲಿ. ಐದು, ಆರು, ಏಳು. ನಡುವೆ ಬೇಸಿನ್ನು. ಚಿಕ್ಕ ಮಗುವಿಗೂ ಹೊಳೆಯಬೇಕಿತ್ತು. ನಾನು ಕುರ್ಚಿ ಇನ್ನಷ್ಟು ಹತ್ತಿರ ಎಳೆದುಕೊಂಡು ಎಲ್ಲರ ಕೈ ನೋಡುತ್ತ ಕೂತೆ.

ಅಷ್ಟರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಆಪರೇಷನ್ ಚೆನ್ನಾಗೇ ಆಯಿತು, ಆಮೇಲೆ ಎದೆಯಲ್ಲಿ ಕಫ ಕಟ್ಟಿ ಉಸಿರು ಸಾಲದಾಯಿತು, ನಿನ್ನ ಐಸಿಯುಗೇ ತಂದೆವು. ನೀನು ಎರಡನೇ ಹಾಸಿಗೆ ಅಂದೆ. ಬಾಗಿಲ ಹತ್ತಿರ, ನಿನ್ನ ಮೇಜಿಗೆ ಎದುರು, ಗಾಳಿ ಬೆಳಕು ಇದೆ ಎಂದೆ. ನಾನು ಬಿಡಲಿಲ್ಲ. ಆಗಷ್ಟೇ ಉಜ್ಜಿ ತೊಳೆಸಿದ್ದ ಆರನೇ ಹಾಸಿಗೆಗೇ ಹಾಕಿಸಿದೆ. ‘ಬೇಸಿನ್ ಪಕ್ಕ ಇರ್ಲಿ ಅಕ್ಕ, ಮುಟ್ಟೋರೆಲ್ಲ ಕೈ ತೊಳ್ಕೊಂಡೇ ಮುಟ್ತಾರೆ’ ಎಂದೆ. ನೀನು ಒಂದು ಕ್ಷಣ ನೋಡಿ, ‘ಸರಿ, ಅದು ನಿನ್ ವಿಷ್ಯ’ ಎಂದು ಬಿಟ್ಟುಕೊಟ್ಟೆ. ಬದುಕಿನಲ್ಲಿ ನೀನು ನನಗೆ ಬಿಟ್ಟುಕೊಟ್ಟದ್ದು ಅದೊಂದೇ ಸಲ ಇರಬೇಕು. ಅದನ್ನು ನಾನು ಹೀಗೆ ಬಳಸಿಕೊಂಡೆ.

ಹನ್ನೊಂದನೇ ದಿನ ಗಂಟಲಿನ ಟ್ಯೂಬು ತೆಗೆದರು. ನೀನು ಎರಡು ದಿನ ಒಂದೇ ಸಮ ಡ್ಯೂಟಿ ಮಾಡಿ ಆಗಷ್ಟೇ ಮನೆಗೆ ಹೋಗಿದ್ದೆ. ಫೋನ್ ಮಾಡಿದಾಗ ಏದುಸಿರು ಬಿಡುತ್ತ ಕೇಳಿದ್ದು ಒಂದೇ: ಅಮ್ಮ ಮೊದಲು ಏನಂದಳು? ‘ನಿನ್ನನ್ನೇ ಕೇಳಿದ್ಲು’ ಎಂದೆ ನಾನು. ಆ ಕಡೆ ನೀನು ಅಳುತ್ತಿದ್ದದ್ದು ಕೇಳಿಸಿತು.

ಐದು ದಿನಕ್ಕೆ ಜ್ವರ ಏರಿತು. ಲ್ಯಾಬಿನವರು ಈ ಸಲ ಮೆಟ್ಟಿಲು ಹತ್ತಿ ಬರಲಿಲ್ಲ, ಹಾಳೆ ಕಳಿಸಿದರು. ಮತ್ತೆ ಟ್ಯೂಬು. ಮೂತ್ರಪಿಂಡ ಹಾಳುಮಾಡುವ ಹಳೆಯ ಔಷಧಿಯೊಂದು ಉಳಿದಿತ್ತು, ಅದನ್ನೂ ಹಾಕಿದರು. ಮೂತ್ರಪಿಂಡ ಹೋಯಿತು, ಮೊಂಡ ಹೋಗಲಿಲ್ಲ. ಒಂಬತ್ತು ದಿನ ನೀನು ಅಮ್ಮನನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ. ಬಾಯಿ ಒರೆಸುವುದು, ಮಗ್ಗುಲು ಬದಲಿಸುವುದು, ಎಲ್ಲ ನೀನೇ. ಪ್ರತಿ ಸಲವೂ ಮೊದಲು ಬೇಸಿನ್ನಿಗೆ ಹೋಗಿ ಮೊಣಕೈವರೆಗೆ ತೊಳೆದುಕೊಂಡು ಬಂದೇ ಮುಟ್ಟುತ್ತಿದ್ದೆ. ಕುರ್ಚಿಯ ಮೇಲೆ ಕೂತು ನಾನು ಅದನ್ನೂ ಗುರುತು ಹಾಕಿದ್ದೇನೆ.

ಅಮ್ಮ ಹೋದ ನಾಲ್ಕನೇ ದಿನ ಸೂಪರಿಂಟೆಂಡೆಂಟ್ ಸಾಹೇಬರು ನನ್ನನ್ನು ಕರೆಸಿದರು. ಡ್ರೈವರಿನ ಮನೆಯವರು ವಕೀಲರನ್ನು ಹಿಡಿದಿದ್ದರು. ‘ಎಲ್ಲಿಂದ ಬಂತು ಅಂತ ವಾರದೊಳಗೆ ಹೇಳ್ಬೇಕು ನೀವು’ ಎಂದರು. ಅವರಿಗೆ ಒಂದು ಕೈ ಬೇಕಿತ್ತು, ಯಾರದಾದರೂ ಸರಿ. ಕ್ರಮ ಏನೆಂದು ನನಗೆ ಬಾಯಿಪಾಠ: ಘಟಕದ ನಲವತ್ತೆರಡು ಜನರ ಕೈಯಿಂದಲೂ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆಯಬೇಕು, ಹಾಸಿಗೆಯ ಕಂಬಿ, ಸ್ಟೆತಸ್ಕೋಪು, ನಲ್ಲಿ, ಬೇಸಿನ್ನು, ಎಲ್ಲ ನೋಡಬೇಕು. ನಾನು ಶುರು ಮಾಡಿದ್ದು ನಿನ್ನಿಂದ. ಕೈಯಿಂದಲೂ ಅಲ್ಲ, ಉಂಗುರದ ಒಳಬದಿಯಿಂದ. ಐಸಿಯುನಲ್ಲಿ ಉಂಗುರ ಹಾಕಬಾರದು ಎನ್ನುವುದು ನಿಯಮ ನಿಜ. ಕಲ್ಲು, ಕೆತ್ತನೆ ಇಲ್ಲದ ಬರೀ ಬಳೆಯಂಥ ಉಂಗುರ, ಬೆರಳಿನ ಗಂಟು ದಾಟಿ ಬರುತ್ತಿಲ್ಲ ಎಂದು ಆರು ವರ್ಷ ನಾನೇ ಕಣ್ಣು ಮುಚ್ಚಿಕೊಂಡಿದ್ದೆ, ಅದೂ ನಿಜ. ಅವತ್ತು ಕಣ್ಣು ತೆರೆಯಿತು.

ಎರಡು ದಿನಕ್ಕೆ ಉತ್ತರ ಬಂತು. ಉಂಗುರದಲ್ಲಿ ಮೊಂಡ. ಅಮ್ಮನೊಳಗಿದ್ದವನೇ, ಡ್ರೈವರಿನೊಳಗಿದ್ದವನೇ. ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಿಸಿದೆ, ಅಕ್ಕಾ. ಮಿಕ್ಕ ನಲವತ್ತೊಂದು ಜನರ ಕೈ ನಾನು ಹಿಡಿಯಲೇ ಇಲ್ಲ. ಕಟ್ಟಿದ ಹತ್ತಿಕಡ್ಡಿಗಳ ಪೊಟ್ಟಣ ಇವತ್ತಿಗೂ ಬೀರುವಿನಲ್ಲಿ ಹಾಗೆಯೇ ಇದೆ. ಇದು ಕೆಲಸ ಬಾರದವಳ ತಪ್ಪಲ್ಲ. ಕೆಲಸ ಚೆನ್ನಾಗಿ ಬಲ್ಲವಳು, ತನಗೆ ಬೇಕಾದ ಉತ್ತರ ಬಂದ ಕೂಡಲೇ ಪುಸ್ತಕ ಮುಚ್ಚಿದ್ದು.

ಉಂಗುರ ಕತ್ತರಿಸಲು ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆ. ಬೆರಳಿನ ಗಂಟು ಊದಿಕೊಂಡಿತ್ತು, ಇಪ್ಪತ್ತೆರಡು ವರ್ಷ ಸೋಪು ನೀರಿನಲ್ಲಿ ನೆನೆದ ಕೈ. ಕತ್ತರಿ ತಿರುಗುವಾಗ ನಿನ್ನ ಅಂಗೈ ಅಲ್ಲಾಡದ ಹಾಗೆ ಹಿಡಿದವಳು ನಾನು. ನೀನು ಉಂಗುರ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದೆ. ವಿಚಾರಣೆಯ ಸಭೆಯಲ್ಲಿ ನೀನು ಹೇಳಿದ್ದು ಒಂದೇ ಮಾತು: ‘ಆ ಬೇಸಿನ್ ನಾರ್ತಿದೆ. ಒಂದ್ಸಲ ಬಿಚ್ಚಿಸಿ ನೋಡಿ.’ ನಾನು ಎಲ್ಲರ ಮುಂದೆ ಎದ್ದು ನಿಂತು, ‘ನೀರಿನ ಮೇಲೆ ಹಾಕ್ಬೇಡಿ ಸಿಸ್ಟರ್. ಪುರಾವೆ ನಿಮ್ಮ ಬೆರಳಲ್ಲಿದೆ’ ಎಂದೆ. ಸಿಸ್ಟರ್ ಎಂದೆ. ನಿಮ್ಮ ಎಂದೆ. ನಲವತ್ತು ವರ್ಷ ಅಕ್ಕ ಎಂದ ಬಾಯಿ ಒಂದು ಚೂರೂ ತೊದಲಲಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ನೀನು ನನ್ನನ್ನು ನಿಲ್ಲಿಸಿ ಕೇಳಿದೆ, ‘ಅಮ್ಮನ್ನ ನಾನು ಕೊಂದೆ ಅಂತೀಯೇನೇ?’ ‘ನಾನು ಹೇಳ್ತಿಲ್ಲ, ರಿಪೋರ್ಟ್ ಹೇಳ್ತಿದೆ’ ಎಂದೆ. ಮಾರನೇ ದಿನ ನೀನು ರಾಜೀನಾಮೆ ಬರೆದುಕೊಟ್ಟೆ. ನಿನ್ನ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಬರೆದುಬಿಡುತ್ತೇನೆ. ಯಾಕೆ ಕೂಗಾಡಲಿಲ್ಲ ನೀನು? ಯಾಕೆ ನನ್ನ ಜುಟ್ಟು ಹಿಡಿದು ಎಳೆದಾಡಲಿಲ್ಲ? ನಿನಗೆ ಬಾಯಿ ಇರಲಿಲ್ಲವಾ? ಚಿಕ್ಕಂದಿನಲ್ಲಿ ನಿನ್ನ ಪೆನ್ಸಿಲ್ ಮುಟ್ಟಿದರೆ ಬೀದಿಗೆಲ್ಲ ಕೇಳಿಸುವ ಹಾಗೆ ಕಿರುಚುತ್ತಿದ್ದವಳು, ಹೆಸರು ಹೋಗುವಾಗ ತಲೆ ತಗ್ಗಿಸಿ ಮೆಟ್ಟಿಲು ಇಳಿದೆ. ಒಳಗೊಳಗೇ ನೀನೂ ನಂಬಿದೆ ಎಂದು ಈಗ ಅನ್ನಿಸುತ್ತದೆ. ನನ್ನ ಮಾತನ್ನು ನಂಬಿದೆ. ಅದನ್ನು ನೆನೆದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನೀನು ಹೋದ ಮೇಲೆ ಘಟಕವನ್ನು ಮುಚ್ಚಿ ಉಜ್ಜಿ ಹೊಗೆ ಹಾಕಿಸಿದೆವು. ಆರು ವಾರ ಐದು, ಆರು, ಏಳನೇ ಹಾಸಿಗೆಗಳನ್ನು ಖಾಲಿ ಬಿಟ್ಟೆವು. ಮೊಂಡ ಕಾಣಲಿಲ್ಲ. ‘ಅಂತೂ ನಾವು ಕೈ ತೊಳ್ಕೊಂಡ್ವಿ’ ಎಂದು ಸಾಹೇಬರು ನಿಟ್ಟುಸಿರು ಬಿಟ್ಟರು. ನನಗೊಂದು ಪ್ರಶಂಸಾಪತ್ರ, ಗಾಜಿನ ಚೌಕಟ್ಟು ಹಾಕಿ ಕೊಟ್ಟರು. ಅದು ಈಗಲೂ ನನ್ನ ತಲೆಯ ಮೇಲೆ ಗೋಡೆಯಲ್ಲಿ ನೇತಾಡುತ್ತಿದೆ. ಅದರ ಕೆಳಗೆ ಕೂತೇ ಇದನ್ನು ಬರೆಯುತ್ತಿದ್ದೇನೆ.

ಹಾಸಿಗೆಗಳು ತುಂಬಿದ ಮೇಲೆ ಮತ್ತೆ ಬಂದ. ಮೊದಲು ಐದನೇ ಹಾಸಿಗೆಯ ಶಾಲಾ ಟೀಚರಮ್ಮನಲ್ಲಿ, ಆಮೇಲೆ ಏಳರ ದರ್ಜಿಯಲ್ಲಿ. ನಿನ್ನ ಕೈ ಆ ಬಾಗಿಲು ದಾಟಿ ಐದು ತಿಂಗಳಾಗಿತ್ತು. ಟೀಚರಮ್ಮ ಉಳಿದರು, ಒಂದು ಕಾಲು ಕಳೆದುಕೊಂಡು. ದರ್ಜಿ ಉಳಿಯಲಿಲ್ಲ. ನಾನು ಅವತ್ತು ನಲವತ್ತೆರಡೂ ಹತ್ತಿಕಡ್ಡಿ ಬಳಸಿ, ಬೇಸಿನ್ನನ್ನೂ ನೋಡಿದ್ದರೆ ಅವನು ಇವತ್ತು ಹೊಲಿಯುತ್ತ ಕೂತಿರುತ್ತಿದ್ದ.

ಹೋದ ತಿಂಗಳು ಬೇಸಿನ್ನು ಪೂರ್ತಿ ಕಟ್ಟಿಕೊಂಡಿತು. ನಮ್ಮ ಹಳೇ ಪ್ಲಂಬರ್ ಬಂದರು, ಅದೇ ನಿನಗೆ ‘ಸೋಪಮ್ಮ’ ಎನ್ನುತ್ತಿದ್ದವರು. ಕೆಳಗಿನ ಬಾಗಿದ ಪೈಪು ಬಿಚ್ಚಿದರು. ಅದರಿಂದ ಹೊರಬಂದ ಕರಿ ಲೋಳೆಯ ವಾಸನೆಗೆ ನಾನು ಹಿಂದಕ್ಕೆ ಸರಿದೆ. ಲೋಳೆಯ ನಡುವೆ ಗಟ್ಟಿಯಾಗಿ ಅಡಕಿಕೊಂಡಿದ್ದದ್ದು ಟೀ ಚರಟ, ಒಂದು ಹಿಡಿಗಿಂತ ಹೆಚ್ಚು. ಅವರು ಅದನ್ನು ಹಳೇ ಪೇಪರಿನ ಮೇಲೆ ಸುರಿದು ಕಡ್ಡಿಯಲ್ಲಿ ಕೆದಕಿ, ‘ಇಲ್ಲಿ ಯಾರೋ ದಿನಾ ಟೀ ಚೆಲ್ತಾರೆ ಕಣಮ್ಮ. ಹಾಲು ಸಕ್ಕರೆ ಹಾಕಿ ಸಾಕಿದ್ದೀರಲ್ಲ ಇದನ್ನ!’ ಎಂದು ನಕ್ಕರು. ಆಮೇಲೆ, ‘ಸೋಪಮ್ಮ ಇದ್ದಿದ್ರೆ ಬಿಡ್ತಿದ್ರಾ? ಎಲ್ಲೋದ್ರು ಅವರು?’ ಎಂದು ಕೇಳಿದರು. ಬಿಟ್ಟು ಹೋದರು ಎಂದೆ.

ಲೋಳೆಯನ್ನು ಲ್ಯಾಬಿಗೆ ಕೊಟ್ಟೆ. ಮೊಂಡ ಅಲ್ಲಿದ್ದ. ಹಾಲು ಸಕ್ಕರೆ ತಿಂದು ಪೈಪಿನೊಳಗಿನಿಂದ ಮೇಲಕ್ಕೆ ಹತ್ತಿ ಜಾಲರಿಯವರೆಗೂ ಬಂದು ಕೂತಿದ್ದ. ಕನ್ನಡಕದವರು ಅಷ್ಟಕ್ಕೆ ಬಿಡಲಿಲ್ಲ. ಪೈಪನ್ನು ಮತ್ತೆ ಜೋಡಿಸಿ, ನೀಲಿ ದೀಪಕ್ಕೆ ಹೊಳೆಯುವ ಬಣ್ಣವೊಂದನ್ನು ಜಾಲರಿಯ ಮೇಲೆ ಸುರಿದು, ನನಗೆ ಕೈ ತೊಳೆಯಲು ಹೇಳಿದರು. ನೀನು ತೊಳೆಯುವ ಹಾಗೆಯೇ ತೊಳೆದೆ, ಮೊಣಕೈವರೆಗೆ, ನಿಧಾನವಾಗಿ, ಬೆರಳ ಸಂದಿಯೆಲ್ಲ. ಹಾಡುಹಗಲಲ್ಲಿ ಪರದೆ ಎಳೆದು ಕತ್ತಲೆ ಮಾಡಿ ಅವರು ದೀಪ ಹಿಡಿದರು. ನಲ್ಲಿಯ ನೀರು ನೇರ ಜಾಲರಿಗೆ ಬಡಿದು ಸಿಡಿದಿತ್ತು. ನನ್ನ ಎರಡೂ ಕೈ ಹಸಿರು ಚುಕ್ಕೆ. ಐದರ ಕಂಬಿಯ ಮೇಲೆ ಚುಕ್ಕೆ, ಏಳರ ಡ್ರಿಪ್ ಸ್ಟ್ಯಾಂಡಿನ ಮೇಲೆ ಚುಕ್ಕೆ. ಆರರ ದಿಂಬಿನ ಮೇಲೆ, ತಲೆ ಇಡುವ ಜಾಗದಲ್ಲಿ, ಎಣಿಸಿದೆ, ಹದಿನೇಳು. ಅವರು ದೀಪ ಆರಿಸಿದ ಮೇಲೂ ನನಗೆ ಅವು ಕಾಣುತ್ತಲೇ ಇದ್ದವು.

ಆಮೇಲೆ ಹಳೆಯ ಹಾಳೆಗಳನ್ನೆಲ್ಲ ತೆಗೆದು ಕೂತೆ. ಆ ಮೂರು ತಿಂಗಳಲ್ಲಿ ನೀನು ರೋಗಿಯನ್ನು ಮುಟ್ಟಿದ್ದು ನನ್ನ ಕಣ್ಣಿಗೆ ಬಿದ್ದದ್ದು ಮುನ್ನೂರ ಹದಿನೆಂಟು ಸಲ. ಕೈ ತೊಳೆಯದೆ ಮುಟ್ಟಿದ್ದು ಎರಡೇ ಸಲ, ಎರಡು ಸಲವೂ ರೋಗಿಯ ಎದೆಬಡಿತ ನಿಂತುಹೋಗಿತ್ತು. ದೊಡ್ಡ ಡಾಕ್ಟರು ಹತ್ತಕ್ಕೆ ಮೂರು ಸಲ ತೊಳೆದರೆ ಹೆಚ್ಚು. ಅವರ ಕೈ ಪರೀಕ್ಷಿಸಿದ್ದರೆ ಬಹುಶಃ ಏನೂ ಸಿಗುತ್ತಿರಲಿಲ್ಲ, ಆ ಬೇಸಿನ್ನಿನ ಹತ್ತಿರ ಅವರು ಹೋದರೆ ತಾನೇ? ಎಲ್ಲರಿಗಿಂತ ಹೆಚ್ಚು ತೊಳೆದವಳ ಕೈಗೆ ಎಲ್ಲರಿಗಿಂತ ಹೆಚ್ಚು ಹತ್ತಿತು. ನನ್ನ ಮಾತನ್ನು ಅಕ್ಷರ ಬಿಡದೆ ಕೇಳಿದ್ದಕ್ಕೆ ನಿನಗೆ ಸಿಕ್ಕ ಬಹುಮಾನ ಅದು. ನಾನೋ, ಕೈ ತೊಳೆದುಕೊಂಡು ನಿನ್ನ ಹಿಂದೆ ಬಿದ್ದಿದ್ದೆ.

ಘಟಕದ ದೂರು ಪುಸ್ತಕವನ್ನೂ ತೆಗೆದು ನೋಡಿದೆ. ಬೇಸಿನ್ನಿನ ನೀರು ನಿಧಾನ ಇಳಿಯುತ್ತಿದೆ, ವಾಸನೆ ಇದೆ, ಪೈಪು ಬಿಚ್ಚಿಸಬೇಕು. ನಿನ್ನ ದುಂಡು ಅಕ್ಷರದಲ್ಲಿ ಮೂರು ಸಲ ಇದೆ. ಮೊದಲನೆಯದು ಡ್ರೈವರ್ ಬರುವುದಕ್ಕೂ ಮುಂಚಿನದು. ಮೂರರ ಕೆಳಗೂ ‘ನೋಡಲಾಗಿದೆ’ ಎಂದು ಬರೆದು ಒಬ್ಬರು ಸಹಿ ಹಾಕಿದ್ದಾರೆ. ಸಹಿ ನನ್ನದು. ನೋಡಿದ್ದು ಪುಸ್ತಕವನ್ನು ಮಾತ್ರ.

ಸಾಹೇಬರ ಹತ್ತಿರ ಹೋದೆ. ‘ಪೈಪ್ ಸರಿ ಮಾಡ್ಸಿ, ಅಷ್ಟೆ. ಹಳೇದನ್ನ ಯಾಕೆ ಕೆದಕ್ತೀರಿ?’ ಎಂದರು. ಸೋಮವಾರದ ಕೌನ್ಸಿಲ್ ವಿಷಯ ಎತ್ತಿದೆ. ‘ನಿಮ್ಮಕ್ಕ ಅಂತ ಹೀಗೆ ಮಾಡ್ತಿದ್ದೀರಿ ಅಂತಾರೆ ಜನ’ ಎಂದರು. ಅವತ್ತು ಅಕ್ಕ ಎಂದು ನೋಡಲಿಲ್ಲ ಎಂದು ಹೊಗಳಿದ ಬಾಯಿಯೇ ಅದು. ಎರಡು ದಿನ ಎಳೆದಾಡಿದ ಮೇಲೆ ಒಪ್ಪಿದರು. ಕೌನ್ಸಿಲ್‌ಗೆ ಹೋಗುವ ಹೇಳಿಕೆ ಈಗ ಮೇಜಿನ ಮೇಲಿದೆ. ಬೇಸಿನ್ನಿನಿಂದ ಉಂಗುರಕ್ಕೆ ಬಂತು, ಉಂಗುರದಿಂದ ಬೇಸಿನ್ನಿಗಲ್ಲ ಎಂದು ಬರೆದಿದ್ದೇನೆ. ಲ್ಯಾಬಿನ ಹಾಳೆ, ದೂರು ಪುಸ್ತಕದ ಮೂರು ಪುಟ, ಮುನ್ನೂರ ಹದಿನೆಂಟರ ಲೆಕ್ಕ, ನಲವತ್ತೊಂದು ಜನರನ್ನು ನಾನು ಪರೀಕ್ಷಿಸಲಿಲ್ಲ ಎನ್ನುವುದು, ಎಲ್ಲ ಇದೆ. ಟೀ ವಿಷಯಕ್ಕೆ ಬಂದಾಗ ಸಾಹೇಬರು ಹೇಳಿದ ಹಾಗೆ ‘ಸಿಬ್ಬಂದಿಯಲ್ಲಿ ಯಾರೋ’ ಎಂದು ಹಾಕಿದ್ದೇನೆ. ಯಾರೋ ಅಂದರೆ ಯಾರೂ ಅಲ್ಲ, ಯಾರಿಗೂ ನೋವಾಗುವುದಿಲ್ಲ ಎಂದರು. ನಿನ್ನ ಹೆಸರು ಉಳಿಯುತ್ತದೆ, ಅದರಲ್ಲಿ ಅನುಮಾನ ಬೇಡ. ಸೋಮವಾರ ನೀನು ಹೋಗಬೇಕು, ತಲೆ ಎತ್ತಿಕೊಂಡು ಹೋಗಬೇಕು.

ಇದರ ಜೊತೆ ಉಂಗುರ ಇದೆ. ಒಂದು ವರ್ಷದಿಂದ ಮಾದರಿ ಚೀಲದಲ್ಲಿ, ನನ್ನ ಮೇಜಿನ ಖಾನೆಯಲ್ಲಿತ್ತು. ಆವಿಯಲ್ಲಿ ಮೂರು ಸಲ ಬೇಯಿಸಿದ್ದೇನೆ, ಹೆದರಬೇಡ. ಒಂದು ಸಲ ನನ್ನ ಬೆರಳಿಗೆ ಹಾಕಿ ನೋಡಿದೆ, ಕತ್ತರಿಸಿದ ತುದಿ ಚುಚ್ಚಿತು, ತೆಗೆದೆ. ಬೆಸೆಸಿ ಕಳಿಸೋಣ ಎಂದು ಅಕ್ಕಸಾಲಿಗನ ಅಂಗಡಿಯವರೆಗೂ ಹೋಗಿದ್ದೆ. ಯಾರ ಬೆರಳಿನ ಅಳತೆಗೆ ಎಂದು ಕೇಳಿದ. ಉಂಗುರ ಎತ್ತಿಕೊಂಡು ಬಂದುಬಿಟ್ಟೆ. ಹೇಗಿತ್ತೋ ಹಾಗೆ ಕಳಿಸುತ್ತಿದ್ದೇನೆ.

ಮನೆಗೆ ಬಾ ಎಂದು ಕರೆಯುವ ಮುಖ ನನಗಿಲ್ಲ. ಈ ಪತ್ರವನ್ನಾದರೂ ಪ್ಲಾಸ್ಟರ್ ಹಚ್ಚಿ ವಾಪಸು ಕಳಿಸಬೇಡ.

ನಿನ್ನ
ಬಾಲ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಒಡೆದೆ. ಹೇಳಿಕೆಯಲ್ಲಿ ‘ಯಾರೋ’ ಎಂದಿದ್ದ ಕಡೆ ಗೀಟು ಎಳೆದು ನನ್ನ ಹೆಸರು ಬರೆದು, ಸಾಹೇಬರಿಗೆ ತೋರಿಸದೆ, ಈಗಷ್ಟೇ ಕೌನ್ಸಿಲ್ ವಿಳಾಸಕ್ಕೆ ಅಂಚೆಗೆ ಹಾಕಿ ಬಂದೆ. ನನ್ನ ಹಾಳೆಯಲ್ಲಿ ಎಲ್ಲರಿಗೂ ಕಾಲಂ ಇತ್ತು, ಕುರ್ಚಿಯ ಮೇಲೆ ಕೂತವಳಿಗೆ ಇರಲಿಲ್ಲ. ಲೋಟದ ತಳದಲ್ಲಿ ಮಿಕ್ಕದ್ದನ್ನು ದಿನಕ್ಕೆ ಎರಡು ಸಲ, ಕೂತಲ್ಲಿಂದಲೇ ಕೈ ಚಾಚಿ, ನಾನೇ ಬರೆದ ಚೀಟಿಯ ಕೆಳಗೆ ಸುರಿಯುತ್ತಿದ್ದೆ. ಅಮ್ಮ ಟ್ಯೂಬು ತೆಗೆದ ಮೇಲೆ ನಿನ್ನನ್ನು ಕೇಳಲಿಲ್ಲ, ಅಕ್ಕಾ. ಅದು ನಾನು ಕಟ್ಟಿದ ಮಾತು. ಕಣ್ಣು ಬಿಟ್ಟು ಬೇಸಿನ್ನಿನ ಕಡೆ ನೋಡಿ, ಇಲ್ಲದ ದನಿಯಲ್ಲಿ, ‘ಕೊನೇ ಗುಟುಕು ಇನ್ನೂ ಚೆಲ್ತೀಯಲ್ಲೇ’ ಎಂದಳು. ನಕ್ಕಳು ಕೂಡ. ಅದಾದ ಮೇಲೂ ಐದು ದಿನ, ಅವಳಿಗೆ ಜ್ವರ ಬರುವವರೆಗೂ, ಅಲ್ಲೇ ಚೆಲ್ಲಿದೆ.